ಕೊನೆಯ ಕಾರ್ಡು

"ಅಕ್ಕಾ, ಎಲ್ಲಾ ಚೆನ್ನಾಗಿದೆ. ಕೊನೇ ಟೈಟಲ್ ಕಾರ್ಡು ಮಾತ್ರ ಪರದೆಯಿಂದ ಹೋಗೋದೇ ಇಲ್ಲ," ಎಂದ ನಿರ್ದೇಶಕ ಫೋನಿನಲ್ಲಿ. "ನಿಮ್ಮಿಬ್ಬರ ಹೆಸರು ಬಂದು ಹಾಗೇ ನಿಂತುಬಿಡುತ್ತೆ."

ಅವಳು ತನ್ನ ಕಂಪ್ಯೂಟರಿನ ಪರದೆಯಲ್ಲಿ ಅದೇ ಕಾರ್ಡನ್ನು ತೆರೆದು ನೋಡಿದಳು. ಸಿನಿಮಾದ ಟೈಟಲ್‌ಗಳಿಗೆ ಅಕ್ಷರ ಬರೆಯುವವಳು ಅವಳು. ಅವು ಎಷ್ಟು ಹೊತ್ತು ನಿಲ್ಲಬೇಕೆಂದು ಅಳೆಯುತ್ತಿದ್ದವನು ಗಂಡ. ಅವನಿಗೆ ಗಡಿಯಾರ ಬೇಕಿರಲಿಲ್ಲ. ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದುತ್ತಿದ್ದ, ಓದಿ ಮುಗಿದ ಮೇಲೆ ಅವಳು ಗುಂಡಿ ಒತ್ತಿ ಆ ಕಾರ್ಡನ್ನು ಮುಗಿಸಬೇಕು. ಅವಸರಪಟ್ಟರೆ, "ಯಾಕೆ, ಹೆಸರಿಗೆ ಬಸ್ಸು ತಪ್ಪಿಹೋಗುತ್ತಾ?" ಎಂದು ರೇಗಿಸುತ್ತಿದ್ದ. ಕೊನೆಯ ಕಾರ್ಡಿಗೆ ಮಾತ್ರ ಬೇರೆ ಪದ್ಧತಿ. ಅಲ್ಲಿ ಅವನ ಹೆಸರನ್ನು ಅವಳು ಓದುತ್ತಿದ್ದಳು, ಅವಳ ಹೆಸರನ್ನು ಅವನು.

ಅವನು ತೀರಿಕೊಂಡು ಎರಡು ತಿಂಗಳಾಗಿತ್ತು. ಈ ಸಲ ಎಲ್ಲ ಹೆಸರುಗಳನ್ನೂ ಅವಳೊಬ್ಬಳೇ ಓದಿದ್ದಳು. ಕೊನೆಗೆ ಅವನ ಹೆಸರನ್ನೂ ಓದಿ, ಗುಂಡಿಯ ಮೇಲೆ ಬೆರಳಿಟ್ಟು, ಒತ್ತದೆ ತನ್ನ ಹೆಸರಿಗಾಗಿ ಕಾಯುತ್ತಾ ಕೂತಿದ್ದುದು ಅವಳಿಗೆ ಈಗ ಹೊಳೆಯಿತು.

"ಕತ್ತರಿಸ್ಲಾ ಅಕ್ಕಾ?"

ಅಕ್ಕ, ಅತ್ತಿಗೆ, ಮೇಡಂ. ಹೆಸರು ಹಿಡಿದು ಕರೆಯುವವರು ಈಗ ಯಾರೂ ಇರಲಿಲ್ಲ.

"ಒಂದ್ನಿಮಿಷ ಇರಪ್ಪ. ಅಲ್ಲಿರೋ ನನ್ನ ಹೆಸರನ್ನ ಒಂದ್ಸಲ ಗಟ್ಟಿಯಾಗಿ ಓದು. ನಿಧಾನಕ್ಕೆ."

ನಿರ್ದೇಶಕ ಸಂಕೋಚದಿಂದಲೇ ಓದಿದ. ಕೊನೆಯ ಅಕ್ಷರ ಮುಗಿಯುವವರೆಗೂ ಕಾದು, ಅವಳು ಗುಂಡಿ ಒತ್ತಿದಳು.