ಹರಿಯದ ಚೀಲ

ಚೀಲ ಹರಿಯಲಿಲ್ಲ. ತಂಗಿಗೆ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ. ಮಣ್ಣಲ್ಲಿ ಕರಗುವ ಚೀಲ ಇದು ಎನ್ನುತ್ತ ಅಣ್ಣ ಅದರ ತುಂಬ ನಟ್ಟು-ಬೋಲ್ಟು ಸುರಿದು ಎತ್ತಿ ಹಿಡಿದಿದ್ದ. ಕಾರ್ಖಾನೆಗೆ ಚೀಲ ಕೊಳ್ಳಲು ಬಂದ ಹೆಂಗಸು ತಲೆದೂಗುತ್ತಿದ್ದಳು. ಒಂದರ ಮುಖ ಒಂದು ನೋಡದ ಪಿಷ್ಟವನ್ನೂ ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್ಕನ್ನೂ ಯಂತ್ರದ ಬಿಸಿಯೊಳಗೇ ಬೆಸೆಯಲು ವರ್ಷಗಟ್ಟಲೆ ಹೆಣಗಿದವಳು ತಂಗಿ. ತನ್ನ ಚೀಲ ಇದರ ಅರ್ಧ ಭಾರಕ್ಕೇ ಕೈಕೊಡುತ್ತದೆಂದು ಅವಳಿಗೆ ಗೊತ್ತು.

ಹತ್ತಿರ ಹೋಗಿ ಅಂಚನ್ನು ಬೆರಳಲ್ಲಿ ಉಜ್ಜಿದಳು. ನುಣ್ಣಗೆ ಜಾರಿತು. ಮೇಲೆ ಅಚ್ಚಾಗಿದ್ದ ಹಸಿರೆಲೆಯ ಗುರುತು ಮಾತ್ರ ಅವಳ ಚೀಲದ್ದು.

“ಇದು ಮಾಮೂಲಿ ಪ್ಲಾಸ್ಟಿಕ್ ಅಲ್ವೇನೋ?” ಮೆಲ್ಲಗೆ ಕೇಳಿದಳು.

“ಸುಮ್ನಿರೇ. ನಿಂದು ಗಟ್ಟಿಯಾಗೋವರೆಗೂ ಇದೇ ಹೋಗ್ಲಿ,” ಮುಖದ ನಗು ಮಾಸದಂತೆ ಅಣ್ಣ ಪಿಸುಗುಟ್ಟಿದ. “ಮಣ್ಣು ಅಗೆದು ಯಾರು ನೋಡ್ತಾರೆ?”

ಅವಳ ಮೈಯೆಲ್ಲ ಉರಿಯಿತು. ಬೆಳಿಗ್ಗೆ ಯಂತ್ರದಿಂದ ಇಳಿಸಿದ್ದ ತನ್ನ ಚೀಲವನ್ನು ತಂದಳು. ಅಣ್ಣನ ಕೈಯಲ್ಲಿದ್ದುದನ್ನು ಕಿತ್ತುಕೊಂಡು ಅದರಲ್ಲಿದ್ದ ಅಷ್ಟನ್ನೂ ತನ್ನದಕ್ಕೆ ಸುರಿದಳು. ಎತ್ತಿದಳು. ತಳ ಕಿತ್ತುಹೋಗಿ ನಟ್ಟು-ಬೋಲ್ಟುಗಳೆಲ್ಲ ಅಣ್ಣನ ಬೂಟಿನ ಮೇಲೆ ದಡದಡ ಉರುಳಿದವು.

ಹರಿದ ಚೀಲವನ್ನು ಆ ಹೆಂಗಸಿನ ಕೈಗಿಟ್ಟಳು.

“ನಮ್ಮ ಚೀಲ ಇದು, ಮೇಡಂ. ಮಣ್ಣಾಗೋದು ಇದೊಂದೇ.”