ಗೌರಾಳ ಕುತ್ತಿಗೆ

ದಿನಕ್ಕೆರಡು ಸಲ ಭೂಮಿ ತನ್ನ ಸೆಳೆತ ಸಡಿಲಿಸಿ, ಕಾರುಗಳು ಮೇಲೆ ತೇಲಿ ಬೀಳತೊಡಗಿದ ಮೇಲೆ, ಕಾರಿನ ಸೀಟು ಹೊಲಿಯುವ ಗದಗಿನ ಮಾಬುನ್ನಿಗೆ ಬಿಡುವೇ ಇರಲಿಲ್ಲ. ಅವಳ ಅಂಗಡಿಗೆ ಶರಣಮ್ಮ ಎರಡು ವರ್ಷದ ಮಗಳು ಗೌರಾಳನ್ನು ಹೊತ್ತು ಏದುಸಿರು ಬಿಡುತ್ತ ಬಂದಳು. ಮಗು ನೋಡಿದರೆ ಐದು ವರ್ಷದವಳಷ್ಟು ದೊಡ್ಡದು.

“ದೊಡ್ಡ ಹುಡುಗರ ಸೀಟು ಕೊಡ್ರಿ ಚಾಚಿ. ಕೂಸಿನ ಸೀಟಿನ್ಯಾಗ ಇಕಿ ಹಿಡಿಯಂಗಿಲ್ಲ.”

ಮಾಬುನ್ನಿ ತೂಕ ಕೇಳಲಿಲ್ಲ. ಮಗುವಿನ ಕುತ್ತಿಗೆಯ ಹಿಂದೆ ಮೆಲ್ಲಗೆ ಎರಡು ಬೆರಳಿಟ್ಟಳು.

“ಮೈ ಬೆಳದೈತಿ ತಂಗಿ, ಕುತ್ತಿಗಿ ಇನ್ನೂ ಎರಡು ವರ್ಷದ್ದೇ. ಕಾರು ಬೀಳೂದು ಯಾವಾಗ್ಲೂ ಮೂತಿ ಮುಂದಾಗಿ. ಆಗ ತಲಿ ಮುಂದಕ್ಕ ಜಗ್ಗಬಾರದಂದ್ರ ಇಕಿ ಹಿಂದಕ್ಕ ಮುಖ ಮಾಡೇ ಕೂಡ್ರಬೇಕು.”

“ಮಗಳ ಮುಖ ನನಗ ಕಾಣಬ್ಯಾಡೇನ್ರಿ?”

“ಮನಿಗೆ ಹೋಗಿ ನೋಡುವಂತಿ.”

ಸಂಜೆಯವರೆಗೆ ಕೂತು ಮಾಬುನ್ನಿ ಅಗಲವಾದ ಸೀಟೊಂದನ್ನು ಹೊಲಿದು, ಕಾರಿನಲ್ಲಿ ಹಿಮ್ಮುಖವಾಗಿ ಬಿಗಿದುಕೊಟ್ಟಳು.

ಊರ ದಾರಿಯಲ್ಲಿ, ಎಂದಿನ ಹೊತ್ತಿಗೆ, ಕಾರು ಆಳೆತ್ತರ ತೇಲಿತು. ಸೆಳೆತ ಮರಳಿದ್ದೇ ತಡ, ಮೂತಿ ಮುಂದಾಗಿ ಧೊಪ್ಪೆಂದು ಬಿತ್ತು. ಶರಣಮ್ಮನ ಹಲ್ಲಿಗೆ ಹಲ್ಲು ಬಡಿಯಿತು. ಹಿಂದಿನಿಂದ ಸದ್ದೇ ಇಲ್ಲ. ಅವಳು ಇಳಿದು ಓಡಿ, ಹಿಂಬಾಗಿಲು ತೆರೆದಳು.

ಗೌರಾ ನಿದ್ದೆ ಹೋಗಿದ್ದಳು. ಸೀಟಿನ ಮೆತ್ತೆಗೆ ಒರಗಿದ ತಲೆ ಒಂದಿಷ್ಟೂ ವಾಲಿರಲಿಲ್ಲ.

ಶರಣಮ್ಮ ನಡುದಾರಿಯಲ್ಲೇ ಗದಗಿನ ದಿಕ್ಕಿಗೆ ತಿರುಗಿ ಕೈಮುಗಿದಳು.