ಡೊಂಬಯ್ಯನಿಗೆ ಒಂದು ಬೀಡಿ

ವಾರಿಜ ತುರಿಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ಒಲೆಯ ಮುಂದೆ ಅಮ್ಮ. ಅಪ್ಪ ಬರುವ ಹೊತ್ತಿಗೆ ಎಲ್ಲ ಆಗಿರಬೇಕು ಎಂದು ಅಮ್ಮ ಬೆಳಗ್ಗೆ ಹೇಳಿದ್ದಳು.

ಹೊಸ ಹೋಳು ಕೈಗೆತ್ತಿಕೊಳ್ಳುವಾಗ ವಾರಿಜಳ ಕಣ್ಣಿಗೆ ಅದು ಬಿತ್ತು. ಅಮ್ಮ ಸೆರಗಿನೊಳಗಿಂದ ಒಂದು ಕಟ್ಟು ಬೀಡಿ ತೆಗೆದು ಉಪ್ಪಿನ ಭರಣಿಯ ಹಿಂದೆ ಇಟ್ಟಳು. ಇಟ್ಟವಳು ತಿರುಗಿ ನೋಡಿದಳು. ವಾರಿಜ ತಲೆ ತಗ್ಗಿಸಿ ತುರಿದಳು.

ನೋಡುವುದು ಅವಳ ಅಭ್ಯಾಸ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು. ಮನೆಗೆ ನಾಲ್ಕು ಜನ ಬಂದರೆ ಬಾಗಿಲ ಹಿಂದೆ ನಿಲ್ಲುವವಳು. ಅದಕ್ಕೇ ಅವಳ ಅಪ್ಪ ಡೊಂಬಯ್ಯ ತನ್ನ ಮೇಲೆ ಕಣ್ಣಿಡಲು ಅವಳ ಹೆಸರು ಕೊಟ್ಟದ್ದು. ಶಿರ್ತಾಡಿಯ ಈ ಮನೆಯಿಂದ ಅವನು ತೋಡಾರಿನ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದ, ಬಾಯ್ಲರಿನ ಕೆಲಸ. ಅಲ್ಲಿ ಬೀಡಿ, ಹೊಗೆಸೊಪ್ಪು ಬಿಡಿಸುವ ಕಾರ್ಯಕ್ರಮ ಶುರುವಾದಾಗ ಡಾಕ್ಟರಮ್ಮ ಒಂದು ಕ್ರಮ ಮಾಡಿದ್ದರು. ಬಿಡುವವರು ಇಬ್ಬಿಬ್ಬರಾಗಿ ಜೋಡಿ. ಒಬ್ಬನಿಗೆ ಆಸೆ ಹತ್ತಿದರೆ ಕೂಡಲೇ ಇನ್ನೊಬ್ಬನಿಗೆ ಫೋನ್ ಮಾಡಬೇಕು. ಮನೆಯಲ್ಲಿಯೂ ಒಬ್ಬರು ಕಣ್ಣಿಡಬೇಕು. ಡೊಂಬಯ್ಯನ ಜೋಡಿ ಪ್ಯಾಕಿಂಗಿನ ನಿಝಾರ್. ಮನೆಯಲ್ಲಿ ಯಾರು ಎಂದು ಕೇಳಿದಾಗ ಅವನು ಹೇಳಿದನಂತೆ, "ನನ್ನ ಮಗಳು. ಬಾಯಿ ಇಲ್ಲ, ಕಣ್ಣು ಉಂಟು."

ಸುಲಭ ಇರಲಿಲ್ಲ. ಮೊದಮೊದಲು ಡೊಂಬಯ್ಯ ಊಟದ ಬಟ್ಟಲು ಎಸೆದ. ಜಗಿಯಲು ಕೊಟ್ಟ ಔಷಧಿಯ ಗಮ್ಮನ್ನು ಬೆಕ್ಕಿಗೆ ಹಾಕು ಎಂದ. ಒಂದು ಭಾನುವಾರ ಅಮ್ಮನ ಮುಂದೆ ಸಣ್ಣ ಮಗುವಿನ ಹಾಗೆ ಕೈಯೊಡ್ಡಿ, ಒಂದೇ ಒಂದು ಕೊಡು ಮಾರಾಯ್ತಿ ಎಂದು ಗೋಗರೆದ. ಅಮ್ಮ ವಾರಿಜಳ ಮುಖ ನೋಡಿದಳು. ವಾರಿಜ ಬೇಡವೆಂದು ತಲೆಯಾಡಿಸಿದಳು. ಅಮ್ಮ ಕೊಡಲಿಲ್ಲ.

ಆಮೇಲೆ ಅವನು ಕೇಳಲೇ ಇಲ್ಲ. ಒಗೆಯಲು ಹಾಕಿದ ಅಂಗಿಯಲ್ಲಿ ಹೊಗೆಯ ವಾಸನೆ ಹೋಯಿತು, ಗೇರುಬೀಜದ ಎಣ್ಣೆಯ ವಾಸನೆ ಮಾತ್ರ ಉಳಿಯಿತು. ಫ್ಯಾಕ್ಟರಿಯ ಅಂಗಳದಲ್ಲಿ ಅವನನ್ನೂ ನಿಝಾರನನ್ನೂ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಮಗಳಿಗೆ ಒಂದು ಪೊಟ್ಟಣ ಗೋಳಿಬಜೆ ಕೊಟ್ಟ.

ಈಗ ಭರಣಿಯ ಹಿಂದೆ ಬೀಡಿ.

"ಯಾರಿಗೆ?" ಎಂದು ವಾರಿಜ ಕೇಳಿದಳು.

"ನಿನ್ನ ಅಪ್ಪನಿಗೆ. ಮತ್ತೆ ಯಾರಿಗೆ?"

"ಅಪ್ಪ ಬಿಟ್ಟಿದ್ದಾರೆ."

ಅಮ್ಮ ಸೌಟು ಕೆಳಗಿಟ್ಟಳು. "ಅವತ್ತು ಕೈಯೊಡ್ಡಿ ಕೇಳಿದ್ರು, ಕೊಡ್ಲಿಲ್ಲ. ಇವತ್ತೂ ಕೊಡದಿದ್ರೆ ನನಗೆ ಅನ್ನ ಇಳಿಯುವುದಿಲ್ಲ."

ಬೀಡಿ ತಂದವರು ಅಮ್ಮನ ಅಣ್ಣ ಕಾಂತಪ್ಪ ಮಾವ, ಅಳದಂಗಡಿಯಿಂದ ಬರುವಾಗ. ಅವರು ಜಗಲಿಯಲ್ಲಿ ಕೂತಲ್ಲಿಂದಲೇ ತೀರ್ಪು ಕೊಟ್ಟರು. ಭಾವನಿಗೆ ಇಷ್ಟವೆಂದು ಕೋಳಿ ಮಾಡಿ, ರೊಟ್ಟಿ ತರಿಸಿ, ಬೀಡಿಯೊಂದನ್ನು ಮಾತ್ರ ಮುಚ್ಚಿಟ್ಟರೆ ಅದೆಂಥ ಊಟ ಎಂದರು. ಫ್ಯಾಕ್ಟರಿಯ ಕ್ರಮ ಫ್ಯಾಕ್ಟರಿಯ ಗೇಟಿನವರೆಗೆ, ಇಲ್ಲಿ ನಡೆಯಬೇಕಾದದ್ದು ಮನೆಯ ಕ್ರಮ ಎಂದರು.

ಸಂಜೆ ನಿಝಾರ್ ಬಂದ. ಬೈಕು ದಾರಿಯಲ್ಲೇ ನಿಲ್ಲಿಸಿ, ಹೆಲ್ಮೆಟ್ ಕೈಯಲ್ಲಿ ಹಿಡಿದು ಅಂಗಳದ ಬದಿಯಲ್ಲಿ ನಿಂತ. ಒಳಗೆ ಕೂರು ಎಂದರೆ ಕೂರಲಿಲ್ಲ. ವಾರಿಜ ನೀರು ಕೊಡುವಾಗ ಮೆಲ್ಲಗೆ ಬೀಡಿಯ ವಿಷಯ ಹೇಳಿದಳು. ಅವನು ನೀರು ಕುಡಿಯದೆ ಲೋಟವನ್ನು ಮೆಟ್ಟಲ ಮೇಲಿಟ್ಟು ಅಮ್ಮನನ್ನು ಕರೆದ.

"ಸಾಹೇಬ್ರೆ, ನೀವೇನು ಫ್ಯಾಕ್ಟರಿಯ ಪೊಲೀಸಾ?" ಮಾವ ಕೆಣಕಿದರು.

ನಿಝಾರ್ ನಗಲಿಲ್ಲ. "ಅಕ್ಕ, ನಿನ್ನೆ ನನಗೆ ಜೋರು ಆಸೆ ಹತ್ತಿತ್ತು. ಡೊಂಬಯ್ಯಣ್ಣನ ನಂಬರಿಗೇ ಮಾಡಿದೆ. ಎತ್ಲಿಲ್ಲ. ಆದ್ರೂ ಸೇದ್ಲಿಲ್ಲ. ನನ್ನ ಜೋಡಿ ಬಿಟ್ಟಿದ್ದಾರಲ್ಲ ಅಂತ ತಡೆದುಕೊಂಡೆ. ಅವರಿಗೇ ನೀವು ಕೊಟ್ರೆ, ನಾನು ಇನ್ನು ಯಾರನ್ನು ನೆನೆಸಿಕೊಂಡು ತಡೆಯುವುದು?"

ಅಮ್ಮ ಒಳಗೆ ಹೋಗಿ ಭರಣಿ ಸರಿಸಿ ಬೀಡಿಯ ಕಟ್ಟು ತೆಗೆದಳು.

ವಾರಿಜಳಿಗೆ ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ. ಮೈಯೆಲ್ಲ ಬೇರೆ ಯಾರದೋ ಎಂಬ ಹಾಗೆ ಇತ್ತು. ಅಮ್ಮ ಹೇಳಿದ್ದನ್ನೆಲ್ಲ ಕೈ ತನ್ನಷ್ಟಕ್ಕೆ ಮಾಡಿತು. ಒಳಕೋಣೆ ಗುಡಿಸಿತು, ಮಣೆ ಹಾಕಿತು, ಬಾಳೆಲೆ ಒರೆಸಿತು. ಕತ್ತಲು ಇಳಿಯುವ ಮೊದಲೇ ಅಮ್ಮ ಅನ್ನ, ಕೋಳಿಯ ಪದಾರ್ಥ, ರೊಟ್ಟಿ ಬಡಿಸಿದಳು. ಕೊನೆಗೆ ಕಾಲುದೀಪದ ಬತ್ತಿಗೆ ಒಂದು ಬೀಡಿ ಹಿಡಿದು ಹೊತ್ತಿಸಿ, ಎಲೆಯ ಬದಿಗೆ ಇಟ್ಟಳು. ಹೊಗೆ ಎಳೆಯಾಗಿ ಹೊರಗೆ ಬಂತು. ಅಂಗಳದಲ್ಲಿ ನಿಝಾರ್ ಉಸಿರು ಬಿಗಿಹಿಡಿದು ಆಚೆ ಮುಖ ಮಾಡಿದ್ದನ್ನು ವಾರಿಜ ಕಂಡಳು.

ಅವಳು ಬಗ್ಗಿ ಬೀಡಿಗೆ ಕೈ ಹಾಕಿದಳು. ಮಾವ ಅವಳ ಮಣಿಕಟ್ಟು ಹಿಡಿದರು.

"ಬಡಿಸಿದ್ದನ್ನು ತೆಗೆಯಬಾರದು ಮಗಾ. ಬೇಡದಿದ್ರೆ ಭಾವನೇ ಬಿಡ್ತಾರೆ."

ಎಲ್ಲರೂ ಹೊರಗೆ ಬಂದರು. ತೀರಿಹೋದವರು ಉಣ್ಣುವಾಗ ಯಾರೂ ನೋಡಬಾರದೆಂದು ಮಾವ ಒಳಕೋಣೆಯ ಬಾಗಿಲು ಎಳೆದರು. ಕೆಲಸ ಬಿಟ್ಟು ಬರುತ್ತಾ ತೋಡಾರಿನ ತಿರುವಿನಲ್ಲಿ ಲಾರಿಯಡಿಗೆ ಸಿಕ್ಕಿದ ಡೊಂಬಯ್ಯನಿಗೆ ಮನೆಯವರು ಬಡಿಸಿದ ಮೊದಲ ಎಲೆ ಅದು. ವಾರಿಜ ಮುಚ್ಚಿದ ಬಾಗಿಲಿನ ಹತ್ತಿರ ಹೋಗಿ, "ಅಪ್ಪ, ಬೇಡ ಅಂತ ಹೇಳಿ," ಎಂದಳು.